ಅಪ್ಪನ ಸ್ವೆಟರಿನ ಒಳಜೇಬು

ದೀಪಾವಳಿ ಮುಗಿದು ಎರಡು ವಾರವಾಗಿತ್ತು. ಬೆಳಗಿನ ಚಳಿ ಶುರುವಾದ ಕೂಡಲೇ ಅಪ್ಪ ಅಟ್ಟದ ಮೇಲಿನ ಟ್ರಂಕ್ ಇಳಿಸಲು ಹೇಳಿದರು. "ನನ್ನ ಹಸಿರು ಸ್ವೆಟರ್ ಐತಲ್ಲ, ಅದನ್ನ ತೆಗಿಯವ್ವಾ" ಅಂದರು. ತೆಗೆದೆ. ಬೆಳಕಿಗೆ ಹಿಡಿದರೆ ಎದೆಯ ಭಾಗದಲ್ಲಿ ಐದು ಸಣ್ಣ ತೂತು. ಬಲಗೈ ಮೊಣಕೈ ಹತ್ತಿರ ಎರಡು ಇಂಚಿನ ದೊಡ್ಡ ತೂತು, ಅದರ ಸುತ್ತ ಸೊಳ್ಳೆಪರದೆ ಥರ ತೆಳ್ಳಗಾದ ಹೆಣಿಗೆ. ಎರಡೂ ಮಣಿಕಟ್ಟಿನ ಬಾರ್ಡರ್ ಎಳೆ ಎಳೆಯಾಗಿ ಜೋತುಬಿದ್ದಿತ್ತು.

ಈ ಸ್ವೆಟರ್ ಅವ್ವ ಹೆಣೆದದ್ದು. 1986ರಲ್ಲಿ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ. ಅಪ್ಪ ಆಗ ಇಲ್ಲಿಯ ಹತ್ತಿ ಮಿಲ್ಲೊಂದರ ನೂಲು ಖಾತೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ. ಮಿಲ್ಲಿನ ಒಳಗೆ ಯಾವಾಗಲೂ ಸೆಕೆ, ಜೊತೆಗೆ ತೇವ. ಗಾಳಿ ಒಣಗಿದರೆ ಹತ್ತಿ ನೂಲು ಪಟಪಟ ಕಡಿಯುತ್ತೆ, ಅದಕ್ಕೆ ಬೇಕೆಂದೇ ತೇವ ಬಿಡುತ್ತಿದ್ದರು. ಬೆವರಿದ ಮೈಯಲ್ಲಿ ಬೆಳಗಿನ ಜಾವ ಹೊರಗೆ ಬಂದು ಸೈಕಲ್ ಹತ್ತಿದರೆ ಡಿಸೆಂಬರ್ ಗಾಳಿ ನೇರ ಎದೆಗೆ ಬಡಿಯುತ್ತಿತ್ತು. ನಮ್ಮೂರಲ್ಲಿ ಆ ಹೊತ್ತಿಗೆ 15 ಡಿಗ್ರಿ ಆಸುಪಾಸು ಇರುತ್ತೆ. ಮಡಿಕೇರಿಯವರಿಗೆ ಅದು ಚಳಿಯೇ ಅಲ್ಲ. ಮಿಲ್ಲಿನ ಬಾಗಿಲಿಂದ ಹೊರಬಂದವರಿಗೆ ಮಾತ್ರ ಗೊತ್ತು. ಒಂದು ವರ್ಷ ಅಪ್ಪನಿಗೆ ಕೆಮ್ಮು ಬಿಡಲೇ ಇಲ್ಲ. ಆಗ ಅವ್ವ ಕಡ್ಡಿ ಹಿಡಿದಳು.

ಅವ್ವನಿಗೆ ಕಲಿಸಿದವರು ಪಕ್ಕದ ಮನೆಯ ಅತ್ತೆ. ಅವರ ಯಜಮಾನರು ರೈಲ್ವೆಯಲ್ಲಿದ್ದರು, ಉತ್ತರ ಭಾರತದ ಕಡೆ ಹತ್ತು ವರ್ಷ ಇದ್ದು ಬಂದವರು. ಅದಕ್ಕೇ ನಮ್ಮ ಮನೆಯಲ್ಲಿ ಈಗಲೂ ಹೆಣಿಗೆಯ ಮಾತೆಲ್ಲ ಸೀದಾ, ಉಲ್ಟಾ. ಹೆಣಿಗೆಯ ಕುಣಿಕೆ ನುಣುಪಾಗಿ ಕೂತರೆ ಸೀದಾ, ಸಣ್ಣ ಗಂಟಿನ ಹಾಗೆ ಎದ್ದರೆ ಉಲ್ಟಾ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ನಾನು ಮಗ್ಗಿ ಕಲಿತ ಹಾಗೆಯೇ ಇದನ್ನೂ ಕಲಿತೆ. ಈಗ ಇಪ್ಪತ್ತು ವರ್ಷದಿಂದ ನಾನೂ ದಿನಾ ಒಂದೆರಡು ಗಂಟೆ ಕಡ್ಡಿ ಹಿಡಿಯುತ್ತೇನೆ. ಜಾಸ್ತಿ ಕೆಲಸ ಬಾಣಂತಿ ಮನೆಗಳದ್ದು: ಕುಲಾವಿ, ಕಾಲುಚೀಲ, ಕೂಸಿನ ಸ್ವೆಟರ್. ಹೊಸದು ಹಾಕುವುದು ಸುಲಭ. ಹಳೆಯದನ್ನು ರಿಪೇರಿ ಮಾಡಲು ಎರಡು ಪಟ್ಟು ತಾಳ್ಮೆ ಬೇಕು, ಬೇರೊಬ್ಬರ ಕೈಯನ್ನು ಓದಬೇಕು.

ಮೊದಲು ನುಸಿ ಸಾಯಿಸಬೇಕು. ಹಾರಾಡುವ ಚಿಟ್ಟೆ ಬಟ್ಟೆ ತಿನ್ನುವುದಿಲ್ಲ, ಅದರ ಮೊಟ್ಟೆಯಿಂದ ಬರುವ ಹುಳು ತಿನ್ನುತ್ತೆ. ಮೊಟ್ಟೆ ಸುಲಭಕ್ಕೆ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಸುಮ್ನೆ ಕೊಡವಿ ಬಿಸಿಲಿಗೆ ಹಾಕಿದರೆ ಸಾಲದು. ಸ್ವೆಟರನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗಾಳಿ ಹಿಂಡಿ, ಬಾಯಿ ಬಿಗಿದು ಫ್ರೀಜರಿನಲ್ಲಿ ಎರಡು ವಾರ ಇಟ್ಟೆ. ಮನೆಯ ಫ್ರೀಜರ್ ಮೈನಸ್ 18ರ ಹತ್ತಿರ ಇರುತ್ತೆ, ಅದಕ್ಕೆ ಎರಡು ವಾರ ಬೇಕೇ ಬೇಕು. ಹೊರಗೆ ತೆಗೆದ ಮೇಲೂ ಕವರ್ ಕೂಡಲೇ ಬಿಚ್ಚಬಾರದು. ಒಂದು ದಿನ ಹಾಗೇ ಬಿಡಬೇಕು, ಇಲ್ಲದಿದ್ದರೆ ಉಣ್ಣೆಯ ಮೇಲೆ ನೀರು ಕೂರುತ್ತೆ. "ಇನ್ನೂ ಆಗಲಿಲ್ಲವಾ" ಅಂತ ಅಪ್ಪ ದಿನಾ ಕೇಳಿದರು.

ಆ ಎರಡು ವಾರದಲ್ಲಿ ಉಲ್ಲನ್ ಹುಡುಕಿದೆ. ಸ್ವೆಟರ್ ಹೊಸದಿದ್ದಾಗ ಬಾಟಲಿ ಹಸಿರು. ಈಗ ಒಣಗಿದ ಕರಿಬೇವಿನ ಬಣ್ಣ. ಅದರ ಒಂದು ತುಂಡು ಎಳೆಯನ್ನು ಬಿಳಿ ಕಾಗದಕ್ಕೆ ಅಂಟಿಸಿಕೊಂಡು ಚೌಕಿಪೇಟೆ, ಮಂಡಿಪೇಟೆ ಎಲ್ಲ ಸುತ್ತಿದೆ. ಮೂರು ಬಗೆಯ ಹಸಿರು ತಂದೆ. ಮೂರೂ ಪಕ್ಕದಲ್ಲಿಟ್ಟರೆ ಹೊಸ ಬಾಗಿಲಿಗೆ ಹೊಡೆದ ಪೇಂಟ್ ಥರ ಕಂಡವು. ಹೊಸ ಬಣ್ಣಕ್ಕೆ ಹಳೆಯ ಬಣ್ಣ ಕೂಡುವುದಿಲ್ಲ. ಮೂವತ್ತೆಂಟು ವರ್ಷದ ತೊಳೆತವನ್ನು ಅಂಗಡಿಯಲ್ಲಿ ಮಾರುವುದಿಲ್ಲ ಅಲ್ವಾ.

ಅದರಲ್ಲಿ ಒಂದನ್ನು ಅಪ್ಪಟ ಉಣ್ಣೆ ಅಂತ ಹೇಳಿ ಜಾಸ್ತಿ ದುಡ್ಡಿಗೆ ಕೊಟ್ಟಿದ್ದರು. ನನಗೆ ಅನುಮಾನ. ಒಂದು ಎಳೆ ಕತ್ತರಿಸಿ ಇಕ್ಕಳದಲ್ಲಿ ಹಿಡಿದು ಬೆಂಕಿ ತೋರಿಸಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೆಂಕಿ ತೆಗೆದ ಕೂಡಲೇ ತಾನೇ ಆರುತ್ತೆ, ಕರಿಯನ್ನು ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತೆ. ಇದು ಕರಗಿ ಹನಿಯಾಗಿ ಗಟ್ಟಿ ಮಣಿಯಾಯಿತು. ಅಕ್ರಿಲಿಕ್. ಅಕ್ರಿಲಿಕ್ ಕೆಟ್ಟದ್ದಲ್ಲ, ಕೂಸಿನ ಬಟ್ಟೆಗೆ ನಾನೇ ಬಳಸುತ್ತೇನೆ. ಆದರೆ ಉಣ್ಣೆಯ ಮಧ್ಯೆ ಅದನ್ನು ಸೇರಿಸಿದರೆ ಒಂದು ಜಗ್ಗುತ್ತೆ, ಒಂದು ಕುಗ್ಗುತ್ತೆ. ತೇಪೆ ಉಬ್ಬಿ ನಿಲ್ಲುತ್ತೆ. ಅವ್ವನ ಸ್ವೆಟರಿನ ಎಳೆಗೂ ಬೆಂಕಿ ತೋರಿಸಿದೆ. ಅಪ್ಪಟ ಉಣ್ಣೆ.

ಚಳ್ಳಕೆರೆಯಿಂದ ಚಿಗವ್ವನ ಮಗ ಕಂಬಳಿಯ ನೂಲಿನ ಒಂದು ಉಂಡೆ ತಂದುಕೊಟ್ಟ. ನಮ್ಮ ಬಯಲುಸೀಮೆ ಕುರಿಯ ಉಣ್ಣೆ, ಕೈಯಲ್ಲಿ ನೂತದ್ದು, ಬಣ್ಣ ಹಾಕದ ಕರಿ. ಮುಟ್ಟಿದರೆ ಪ್ರೀತಿ ಬರುತ್ತೆ. ಹುಣಸೆ ಬೀಜದ ಗಂಜಿ ಕುಡಿಸಿ ಮಗ್ಗಕ್ಕೆ ಏರಿಸಿದರೆ ಮಳೆ ಹನಿಯೂ ಒಳಗಿಳಿಯದ ಕಂಬಳಿಯಾಗುತ್ತೆ. ಆದರೆ ಮಣಿಕಟ್ಟಿಗೆ ಅದು ಚುಚ್ಚುತ್ತೆ, ಬಾರ್ಡರಿಗೆ ಬೇಕಾದ ಜಗ್ಗುವ ಗುಣವೂ ಅದಕ್ಕೆ ಕಡಿಮೆ. ಅದನ್ನು ಬೇರೆ ಕೆಲಸಕ್ಕೆ ಎತ್ತಿಟ್ಟೆ. ಮಣಿಕಟ್ಟಿಗೆ ನನ್ನ ಡಬ್ಬಿಯಲ್ಲೇ ಇದ್ದ ಬೂದಿ ಬಣ್ಣದ ಮೆತ್ತನೆ ಉಣ್ಣೆ ಸಾಕು ಅಂತ ತೀರ್ಮಾನ ಮಾಡಿದೆ. ಹೊಂದದ ಹಸಿರಿಗಿಂತ ಬೇರೆಯೇ ಬಣ್ಣ ಚಂದ. ಮೊಣಕೈಗೆ ಏನು ಮಾಡುವುದು ಅನ್ನುವುದು ಮಾತ್ರ ಹಾಗೇ ಉಳಿಯಿತು.

ಡಿಸೆಂಬರ್ ಮೊದಲ ಭಾನುವಾರ ಸ್ವೆಟರನ್ನು ಒಳಮಗ್ಗುಲು ತಿರುಗಿಸಿ ಮಂಚದ ಮೇಲೆ ಹರಡಿದೆ. ಎಡಗಡೆ ಪಕ್ಕದ ಹೊಲಿಗೆಯ ಹತ್ತಿರ, ಸೊಂಟದ ಬಾರ್ಡರಿಗಿಂತ ಸ್ವಲ್ಪ ಮೇಲೆ, ಅಪ್ಪನ ಒಳಜೇಬು. ನಾಲ್ಕು ಇಂಚಿನ ಚೌಕ. ಮೂರು ಕಡೆ ಕರಿ ದಾರದಲ್ಲಿ ಹೊಲಿದದ್ದು, ಮೇಲುಗಡೆ ಬಾಯಿ. ಮಿಲ್ಲಿನ ಗೇಟ್ ಪಾಸ್ ಅದರಲ್ಲಿ ಇರುತ್ತಿತ್ತು. ಆ ಪಾಸ್ ಅಪ್ಪ ಇನ್ನೂ ಇಟ್ಟುಕೊಂಡಿದ್ದಾರೆ, ಅದರ ಮೇಲೆ ಚಿತ್ರದುರ್ಗ ಜಿಲ್ಲೆ ಅಂತಲೇ ಇದೆ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಚಿಕ್ಕವಳಿದ್ದಾಗ ನಾನು ಆ ಜೇಬಿಗೆ ಎಷ್ಟು ಸಲ ಕೈ ಹಾಕಿದ್ದೆನೋ. ಪೆಪ್ಪರ್‌ಮೆಂಟ್ ಸಿಗುತ್ತಿತ್ತು.

ಅಂದು ಮೊದಲ ಸಲ ಅದನ್ನು ಹೆಣಿಗೆಯವಳ ಕಣ್ಣಲ್ಲಿ ನೋಡಿದೆ. ಜೇಬಿಗೆ ಇಷ್ಟು ಸರಿಯಾದ ಚೌಕ ಯಾಕೆ? ಜೇಬು ಅಂದರೆ ಆಳ ಜಾಸ್ತಿ ಇರಬೇಕು, ಬಾಯಿಗೆ ಬಾರ್ಡರ್ ಇರಬೇಕು. ಇದಕ್ಕೆ ಬಾಯಲ್ಲೂ ಬಾರ್ಡರ್ ಇಲ್ಲ. ಅಡ್ಡಕ್ಕೆ ಕುಣಿಕೆ ಎಣಿಸಿದೆ, 24. ಸಾಲು ಎಣಿಸಿದೆ, 32. ಕೆಳಗಿನಿಂದ ನಾಲ್ಕನೇ ಸಾಲಿನಲ್ಲಿ ಸೀದಾ ಕುಣಿಕೆಗಳ ನಡುವೆ ಒಂದು ಬಿಟ್ಟು ಒಂದು ಉಲ್ಟಾ ಕುಣಿಕೆ, ಸಣ್ಣ ಸಣ್ಣ ಗಂಟಿನ ಹಾಗೆ ಎದ್ದಿದ್ದವು. ಬೆರಳಿಟ್ಟು ಎಣಿಸಿದೆ. ಒಂಬತ್ತು.

ಕೈ ನಿಂತುಹೋಯಿತು. ಇದು ಜೇಬು ಅಲ್ಲ. ಮಾದರಿ ತುಂಡು.

ಹೆಣಿಗೆ ಗೊತ್ತಿಲ್ಲದವರಿಗೆ ಹೇಳಬೇಕು. ಸ್ವೆಟರ್ ಶುರು ಮಾಡುವ ಮೊದಲು ಅದೇ ಉಲ್ಲನ್, ಅದೇ ಕಡ್ಡಿಯಲ್ಲಿ ಒಂದು ಚೌಕ ಹಾಕಿ ನೋಡುತ್ತೇವೆ. ಇಂಚಿಗೆ ಎಷ್ಟು ಕುಣಿಕೆ ಬರುತ್ತೆ ಅಂತ ಅಳೆದು, ಎದೆ ಅಳತೆಗೆ ಗುಣಿಸಿ, ಎಷ್ಟು ಕುಣಿಕೆ ಹಾಕಿಕೊಳ್ಳಬೇಕು ಅಂತ ಲೆಕ್ಕ ತೆಗೆಯುತ್ತೇವೆ. ಯಾವ ಕಡ್ಡಿ ಬಳಸಿದ್ದು ಅನ್ನುವುದು ಮರೆಯದಿರಲಿ ಅಂತ ಕಡ್ಡಿಯ ನಂಬರಿನಷ್ಟು ಉಲ್ಟಾ ಕುಣಿಕೆಯನ್ನು ಅದರಲ್ಲೇ ಹಾಕಿಡುತ್ತಾರೆ. ಅವ್ವ 9 ನಂಬರ್ ಕಡ್ಡಿಯಲ್ಲಿ ಹಾಕಿದ್ದಳು. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗೆ ಹಳೆಯ ಬ್ರಿಟಿಷ್ ನಂಬರ್. ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿಲಿಮೀಟರ್, 9 ಅಂದರೆ 3.75, 11 ಅಂದರೆ 3. ಅಮೆರಿಕದ ನಂಬರ್ ಇದಕ್ಕೆ ತದ್ವಿರುದ್ಧ, ಮೊಬೈಲ್‌ನಲ್ಲಿ ಮಾದರಿ ನೋಡಿ ಹಾಕುವವರು ಇಲ್ಲಿ ಎಡವುತ್ತಾರೆ.

ಮಾದರಿ ತುಂಡನ್ನು ಜಾಸ್ತಿ ಜನ ಬಿಚ್ಚಿ ಮತ್ತೆ ಬಳಸುತ್ತಾರೆ. ಅವ್ವ ಬಿಚ್ಚಲಿಲ್ಲ. ಸ್ವೆಟರಿನ ಒಳಗೆ ಹೊಲಿದಳು. ಹಾಗೆ ಹೊಲಿದದ್ದಕ್ಕೆ ಆ ತುಂಡೂ ಸ್ವೆಟರಿನ ಜೊತೆ ಪ್ರತಿ ಸಲ ನೀರು ಕಂಡಿತು, ಪ್ರತಿ ವರ್ಷ ಮಾಸಿತು. ಮುಂದೆ ಯಾವತ್ತೋ ತೂತು ಬಿದ್ದಾಗ ಬಣ್ಣ ಹೊಂದುವ ಉಲ್ಲನ್ ಅಲ್ಲೇ ಇರಲಿ ಅಂತ. ಮೂರು ಕಡೆ ಮಾತ್ರ ಹೊಲಿದದ್ದು ಅಪ್ಪನಿಗೆ ಜೇಬೂ ಆಗಲಿ ಅಂತಲೇ ಇರಬೇಕು.

ಅಪ್ಪನ ಹತ್ತಿರ ತೆಗೆದುಕೊಂಡು ಹೋಗಿ ತೋರಿಸಿದೆ. ಒಂಬತ್ತು ಗಂಟನ್ನೂ ಅವರ ಬೆರಳಿಗೆ ಮುಟ್ಟಿಸಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನಗೇನೂ ಹೇಳಿದ್ದಿಲ್ಲ ಆಕಿ" ಅಂದರು. ಬಿಚ್ಚಲಾ ಅಂತ ಕೇಳಿದೆ. "ಬಿಚ್ಚು. ಅದಕ್ಕೇ ಇಟ್ಟಾಳ."

ಕರಿ ದಾರವನ್ನು ಬ್ಲೇಡಿನಿಂದ ಒಂದೊಂದೇ ಹೊಲಿಗೆ ಕತ್ತರಿಸಿದೆ. ತುಂಡು ಕೈಗೆ ಬಂತು. ಅದು ಮುಚ್ಚಿಕೊಂಡಿದ್ದ ಜಾಗದಲ್ಲಿ ಸ್ವೆಟರ್ ಇನ್ನೂ ಗಾಢ ಹಸಿರಾಗಿತ್ತು. ಹೆಣಿಗೆ ಯಾವಾಗಲೂ ಮುಗಿಸಿದ ಕಡೆಯಿಂದ ಬಿಚ್ಚಬೇಕು, ಶುರು ಮಾಡಿದ ಕಡೆಯಿಂದ ಎಳೆದರೆ ಸಿಕ್ಕುಗಟ್ಟುತ್ತೆ. ಕೊನೆಯ ಕುಣಿಕೆಯ ಗಂಟು ಬಿಡಿಸಿ ಎಳೆದೆ. ಸರ್ರನೆ ಬಂತು. ಅಳೆದರೆ 11 ಮೀಟರಿಗೆ ಸ್ವಲ್ಪ ಜಾಸ್ತಿ.

ಬಿಚ್ಚಿದ ಎಳೆ ಶ್ಯಾವಿಗೆ ಥರ ಸುರುಳಿ ಸುರುಳಿ. ಹಾಗೇ ಹೆಣೆದರೆ ಕುಣಿಕೆ ಒಂದು ದೊಡ್ಡದು ಒಂದು ಚಿಕ್ಕದು ಬರುತ್ತೆ. ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಹತ್ತಿ ದಾರದಲ್ಲಿ ಸಡಿಲವಾಗಿ ಕಟ್ಟಿ ಲಡಿ ಮಾಡಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಎತ್ತಿ, ಮಾಳಿಗೆಯ ತಂತಿಗೆ ನೇತುಹಾಕಿದೆ. ಕೆಳಗೆ ಭಾರಕ್ಕೆ ಒಂದು ಸ್ಟೀಲ್ ಚಮಚ. ಒಣಗುವ ಹೊತ್ತಿಗೆ ಎಳೆ ನೆಟ್ಟಗಾಯಿತು. ಬಣ್ಣ ಹೊರಗಿನ ಹಸಿರಿಗಿಂತ ಸ್ವಲ್ಪ ಗಾಢ. ಒಳಗಿದ್ದದ್ದಲ್ವಾ, ನೀರು ಕಂಡಿತ್ತು, ಬಿಸಿಲು ಕಂಡಿರಲಿಲ್ಲ. ಇನ್ನೂ ನಾಲ್ಕು ದಿನ ಬಿಸಿಲಿಗೇ ಬಿಟ್ಟೆ. ಪೂರ್ತಿ ಹೊಂದಲಿಲ್ಲ, ಆದರೆ ಒಂದು ಮಾರು ದೂರದಿಂದ ಗೊತ್ತಾಗುವುದಿಲ್ಲ.

ಮೊಣಕೈ ತೇಪೆ. ತೂತು ಎರಡೇ ಇಂಚು, ಆದರೆ ಸುತ್ತ ತೆಳುವಾದ ಜಾಗವನ್ನೂ ಸೇರಿಸಿಕೊಳ್ಳಬೇಕು. ಗಟ್ಟಿ ಇರುವ ಕಡೆವರೆಗೂ ಹೋಗಿ ಬಿಳಿ ದಾರದಲ್ಲಿ ಗುರುತು ಹಾಕಿಕೊಂಡೆ. ಮೂರು ಇಂಚು ಅಗಲ, ಮೂರು ಇಂಚು ಎತ್ತರ. ಅವ್ವನ ಲೆಕ್ಕದಲ್ಲಿ ಇಂಚಿಗೆ 6 ಕುಣಿಕೆ, 8 ಸಾಲು. ಅಂದರೆ 18 ಕುಣಿಕೆ, 24 ಸಾಲು. ತೋಳಿನ ಒಳಗೆ ಸೀರೆ ಡಬ್ಬದ ರಟ್ಟು ತೂರಿಸಿದೆ, ಇಲ್ಲದಿದ್ದರೆ ಸೂಜಿ ಆಚೆ ಮಗ್ಗುಲನ್ನೂ ಹಿಡಿದುಬಿಡುತ್ತೆ. ಗುರುತಿನ ಕೆಳಗಿನ ಸಾಲಿನಲ್ಲಿ ಪ್ರತಿ ಕುಣಿಕೆಯ ಒಂದು ಕಾಲನ್ನು ಮಾತ್ರ ಕಡ್ಡಿಗೆ ಎತ್ತಿಕೊಂಡೆ. ಅಲ್ಲಿಂದ ಮೇಲಕ್ಕೆ ಒಂದು ಸೀದಾ, ಒಂದು ಉಲ್ಟಾ. ಪ್ರತಿ ಸಾಲಿನ ಕೊನೆಯ ಕುಣಿಕೆಯನ್ನು ತೋಳಿನ ಪಕ್ಕದ ಕುಣಿಕೆಯ ಜೊತೆ ಸೇರಿಸಿ ಹೆಣೆಯಬೇಕು. ಹಾಗೆ ಮಾಡಿದರೆ ತೇಪೆ ಬೆಳೆಯುತ್ತಾ ಬೆಳೆಯುತ್ತಾ ತಾನೇ ತೋಳಿಗೆ ಅಂಟಿಕೊಳ್ಳುತ್ತೆ. ಹಳೆಯ ಹೆಣಿಗೆಯನ್ನು ಕತ್ತರಿಸಲಿಲ್ಲ, ಕೆಳಗೆ ಅಸ್ತರಿನ ಹಾಗೆ ಇರಲಿ ಅಂತ ಬಿಟ್ಟೆ.

ಮೊದಲ ಸಲ ಕೆಟ್ಟಿತು. ಅವ್ವನ ಹಾಗೇ 9 ನಂಬರಿನಲ್ಲಿ ಹಾಕಿದೆ. ಹತ್ತು ಸಾಲು ಆಗುವಷ್ಟರಲ್ಲಿ ತೋಳು ಸುರುಟತೊಡಗಿತು. ಅಳೆದು ನೋಡಿದರೆ ನನ್ನ ಕೈಯಲ್ಲಿ ಇಂಚಿಗೆ ಆರೂವರೆ ಕುಣಿಕೆ. ನನ್ನ ಕೈ ಬಿಗಿ, ಅವ್ವನದು ಸಡಿಲ. ನಾನು ಅವಳ ಪಕ್ಕದಲ್ಲೇ ಕೂತು ಕಲಿತವಳು, ನನ್ನ ಕೈಯೂ ಅವಳ ಕೈಯೂ ಒಂದೇ ಅಂದುಕೊಂಡೇ ಇದ್ದೆ. ಹತ್ತೂ ಸಾಲು ಬಿಚ್ಚಿ, ಎಳೆಯನ್ನು ಮತ್ತೆ ನೆನೆಸಿ ಒಣಗಿಸಿ, 8 ನಂಬರ್ ಕಡ್ಡಿಯಲ್ಲಿ ಹಾಕಿದೆ. ಸರಿಯಾಗಿ ಕೂತಿತು. ಮೇಲಿನ ಸಾಲಿನ 18 ಕುಣಿಕೆಯನ್ನು ಮೊಂಡು ಸೂಜಿಯಲ್ಲಿ ಒಂದೊಂದಾಗಿ ತೋಳಿನ ಕುಣಿಕೆಗೆ ಹೊಲಿದೆ. ಒಳಗಿನಿಂದ ತೂತಿನ ಅಂಚನ್ನು ತೇಪೆಗೆ ಸೇರಿಸಿದೆ. ಏಳು ಮೀಟರ್ ಹಿಡಿಯಿತು.

ಉಳಿದ ಎಳೆಯಲ್ಲಿ ಎದೆಯ ಐದು ನುಸಿ ತೂತು. ಜಾರಿದ ಕುಣಿಕೆಗಳನ್ನು ಕ್ರೋಶಾ ಕಡ್ಡಿಯಲ್ಲಿ ಏಣಿ ಹತ್ತಿಸಿದ ಹಾಗೆ ಮೇಲಕ್ಕೆ ತಂದು, ಕಡಿದ ಕುಣಿಕೆಯ ದಾರಿಯಲ್ಲೇ ಸೂಜಿ ಓಡಿಸಿದರೆ ಮುಗಿಯಿತು. ಒಂದು ಸಂಜೆಯ ಕೆಲಸ.

ಮಣಿಕಟ್ಟು ಸ್ವಲ್ಪ ಧೈರ್ಯ ಬೇಡುತ್ತೆ. ಬಾರ್ಡರ್ ಹೆಣಿಗೆಯ ಶುರುವಿನ ಕಡೆ, ಅದನ್ನು ಎಳೆದು ಬಿಚ್ಚಲಾಗುವುದಿಲ್ಲ. ಕತ್ತರಿಸಲೇಬೇಕು. ತೋಳಿನ ಹೊಲಿಗೆಯನ್ನು ನಾಲ್ಕು ಇಂಚು ಬಿಡಿಸಿಕೊಂಡೆ. ಬಾರ್ಡರ್ ಮುಗಿದು ಸೀದಾ ಹೆಣಿಗೆ ಶುರುವಾಗುವ ಸಾಲಿನಲ್ಲಿ, ಅಂಚಿನ ಒಂದೇ ಒಂದು ಕುಣಿಕೆಯನ್ನು ಕತ್ತರಿಸಿ, ಆ ಎಳೆಯನ್ನು ಸೂಜಿ ತುದಿಯಿಂದ ಒಂದೊಂದೇ ಕುಣಿಕೆಯಿಂದ ಹೊರಗೆಳೆಯುತ್ತಾ ಹೋದೆ. ಮೇಲುಗಡೆ ಬಿಡುವಾದ ಕುಣಿಕೆಯನ್ನು ಆಗಿಂದಾಗಲೇ 11 ನಂಬರ್ ಕಡ್ಡಿಗೆ ಹಾಕಿಕೊಂಡೆ. ಹಳೆಯ ಬಾರ್ಡರ್ ಕೈಯಲ್ಲಿ ಉಳಿಯಿತು. ಅವ್ವ ಅಲ್ಲಿ 60 ಕುಣಿಕೆ ಮಾಡಿದ್ದಳು, ನನಗೆ ಸಿಕ್ಕಿದ್ದು 59. ಯಾವುದೂ ಜಾರಿಲ್ಲ. ಹೆಣಿಗೆಯನ್ನು ತಲೆಕೆಳಗಾಗಿ ಹಿಡಿದರೆ ಎರಡು ಕುಣಿಕೆಯ ನಡುವಿನ ಸಂದು ಕುಣಿಕೆಯಾಗುತ್ತೆ, ಹಾಗಾಗಿ ಒಂದು ಕಡಿಮೆ. ಇದೇ ಕಾರಣಕ್ಕೆ ಬಾರ್ಡರಿನ ಮಧ್ಯದಲ್ಲಿ ಕತ್ತರಿಸಬಾರದು. ಸೀದಾ-ಉಲ್ಟಾ ಗೆರೆಗಳು ಅರ್ಧ ಕುಣಿಕೆ ಪಕ್ಕಕ್ಕೆ ಸರಿದು ಎದ್ದು ಕಾಣುತ್ತೆ. ಬಾರ್ಡರೂ ಸೀದಾ ಹೆಣಿಗೆಯೂ ಕೂಡುವ ಜಾಗದಲ್ಲಿ ಕತ್ತರಿಸಿದರೆ ಯಾರಿಗೂ ತಿಳಿಯುವುದಿಲ್ಲ.

ಬೂದಿ ಉಣ್ಣೆಯಲ್ಲಿ ಮೊದಲ ಸಾಲಿಗೆ ಐದು ಕುಣಿಕೆ ಇಳಿಸಿ 54ಕ್ಕೆ ತಂದೆ. ಎರಡು ಸೀದಾ, ಎರಡು ಉಲ್ಟಾ, ಕೊನೆಗೆ ಎರಡು ಸೀದಾ. ಎರಡೂವರೆ ಇಂಚು ಆದ ಮೇಲೆ ದಪ್ಪ ಕಡ್ಡಿಯಲ್ಲಿ ಸಡಿಲವಾಗಿ ಮುಚ್ಚಿದೆ. ಬಿಗಿಯಾಗಿ ಮುಚ್ಚಿದರೆ ಕೈ ತೂರುವುದಿಲ್ಲ. ಇನ್ನೊಂದು ತೋಳಿಗೂ ಹೀಗೇ.

ಕೊನೆಗೆ ತೊಳೆದದ್ದು ಅಂಟುವಾಳಕಾಯಿ ನೊರೆಯಲ್ಲಿ. ಬಿಸಿ ನೀರು ಮತ್ತು ತಿಕ್ಕಾಟ ಎರಡೂ ಉಣ್ಣೆಗೆ ವೈರಿ. ಎಳೆಗಳ ಮೇಲಿನ ಪೊರೆ ಒಂದಕ್ಕೊಂದು ಕಚ್ಚಿಕೊಂಡು ಸ್ವೆಟರ್ ಕೂಸಿನ ಅಳತೆಗೆ ಬರುತ್ತೆ. ಟವೆಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ನೆರಳಿನಲ್ಲಿ ಹೊರಸಿನ ಮೇಲೆ ಹರಡಿದೆ. ತಂತಿಗೆ ನೇತುಹಾಕಿದರೆ ಒದ್ದೆ ಭಾರಕ್ಕೆ ಉದ್ದವಾಗುತ್ತೆ.

ಒಣಗಿದ ಮೇಲೆ ಅಪ್ಪ ಹಾಕಿಕೊಂಡರು. ಮೊಣಕೈ ಮಡಚಿ ನೋಡಿದರು, ಬೂದಿ ಮಣಿಕಟ್ಟು ಎಳೆದು ನೋಡಿದರು. ಆಮೇಲೆ ಎಡಗೈ ತಾನಾಗೇ ಸ್ವೆಟರಿನ ಒಳಗೆ ಹೋಯಿತು, ಪಕ್ಕದ ಹೊಲಿಗೆಯ ಹತ್ತಿರ. ಅಲ್ಲಿ ಏನೂ ಇರಲಿಲ್ಲ. ಸುಮ್ಮನೆ ಕೈ ಹೊರಗೆ ತೆಗೆದರು.

ಅಂದು ರಾತ್ರಿ ಕೂತು ಬೂದಿ ಉಣ್ಣೆಯಲ್ಲಿ ನಾಲ್ಕು ಇಂಚಿನ ಚೌಕ ಹಾಕಿದೆ. 24 ಕುಣಿಕೆ, 32 ಸಾಲು. ನಾಲ್ಕನೇ ಸಾಲಿನಲ್ಲಿ ಎಂಟು ಉಲ್ಟಾ ಕುಣಿಕೆ, ನನ್ನ ಕಡ್ಡಿಯ ನಂಬರ್. ಅದೇ ಗಾಢ ಹಸಿರು ಜಾಗದ ಮೇಲಿಟ್ಟು ಕರಿ ದಾರದಲ್ಲಿ ಮೂರು ಕಡೆ ಹೊಲಿದೆ. ಮಾರನೇ ದಿನ ಕುಂದುವಾಡ ಕೆರೆಗೆ ವಾಕಿಂಗ್ ಹೊರಡುವಾಗ ಅಪ್ಪ ಮನೆ ಕೀಲಿಯನ್ನು ಅದರೊಳಗೆ ಹಾಕಿಕೊಂಡರು. ಕೀಲಿ ಭಾರ, ಜೇಬು ಜೋತುಬೀಳುತ್ತೆ, ಅಂಗಿ ಜೇಬಿಗೆ ಹಾಕಿಕೊಳ್ಳಿ ಅಪ್ಪಾ ಅಂದೆ. ಕೀಲಿ ತೆಗೆದು ಅಂಗಿಗೆ ಹಾಕಿಕೊಂಡರು. ಟೇಬಲ್ ಮೇಲಿದ್ದ ಎರಡು ಪೆಪ್ಪರ್‌ಮೆಂಟ್ ತೆಗೆದುಕೊಂಡು ಒಳಜೇಬಿಗೆ ಹಾಕಿದರು.